ಅಕ್ಕನ ಗಾದಿ

8 ಡಿಸೆಂಬರ್ 2024, ಭಾನುವಾರ. ಭೀಮರಾಯನಗುಡಿ

ಭೌತಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ಹಾಳೆಗಳು ಖಾಲಿ ಉಳಿದಿವೆ. ಅದರಲ್ಲೇ ಬರೆಯುತ್ತಿದ್ದೇನೆ. ಎಡಗಡೆಯ ಪುಟಕ್ಕೆ ಗೆರೆ ಇಲ್ಲ, ಚಿತ್ರ ಬಿಡಿಸಲು ಬಿಟ್ಟದ್ದು. ಅಲ್ಲಿಯೂ ಬರೆಯುತ್ತೇನೆ.

ಕಾಲೇಜು ಬಿಟ್ಟು ಮೂರು ತಿಂಗಳಾಯಿತು. ತಪಾಸಣೆಗೆ ಬಂದ ಸಾಹೇಬರು ‘ಪ್ರಾಕ್ಟಿಕಲ್ ಮಾಡಿಸ್ತಾರೇನಮ್ಮ?’ ಎಂದು ಕೇಳಿದರು. ಇಲ್ರಿ, ಹೋದ ವರ್ಷದವರ ರೆಕಾರ್ಡ್ ನೋಡಿ ಬರೆದುಕೊಳ್ಳುತ್ತೇವೆ ಅಂದೆ. ಮರುದಿನದಿಂದ ಆ ವಿಷಯದ ಲೆಕ್ಚರರು ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದರು. ಆರು ದಿನ ನಿಂತೆ. ಏಳನೆಯ ದಿನ ಹೋಗಲಿಲ್ಲ. ಅಪ್ಪ ಬೈದ, ಅವ್ವ ಅತ್ತಳು, ಅಕ್ಕ ಪಂಚಶೀಲಾ ಮಾತ್ರ ‘ಹೌದ್ರಿ ಅಂದಿದ್ರ ಏನ ಗಂಟು ಹೋಗ್ತಿತ್ತು?’ ಎಂದು ಕೇಳಿದಳು.

ಅಪ್ಪ ಬುದ್ಧ ವಿಹಾರಕ್ಕೆ ಹೋಗಲು ಶುರು ಮಾಡಿದ ವರ್ಷ ಅವಳು ಹುಟ್ಟಿದಳು, ಅದಕ್ಕೆ ಅವಳಿಗೆ ಆ ಹೆಸರು. ನಾನು ಹುಟ್ಟುವಾಗ ಅಜ್ಜಿ ಸಾಯುತ್ತಿದ್ದಳು, ಅದಕ್ಕೆ ನನಗೆ ಅಜ್ಜಿಯ ಹೆಸರು, ಕರೆಮ್ಮ. ಐದು ಶೀಲಗಳಲ್ಲಿ ಸುಳ್ಳು ಹೇಳಬಾರದು ಅನ್ನುವುದು ನಾಲ್ಕನೆಯದು. ಅದೊಂದನ್ನು ನಾನು ಇಟ್ಟುಕೊಂಡಿದ್ದೇನೆ. ಉಳಿದ ನಾಲ್ಕು ಅವಳಿಗಿರಲಿ.

ನಮ್ಮದು ನೀರಾವರಿ ಕ್ಯಾಂಪಿನ ಹಳೆ ಕ್ವಾರ್ಟರ್ಸು. ಅಪ್ಪ ಕಾಲುವೆ ಗೇಟಿನ ದಿನಗೂಲಿ, ಮಲಗುವುದು ಕಟ್ಟೆಯ ಮೇಲೆ. ಅವ್ವ ಅಡುಗೆಮನೆಯಲ್ಲಿ. ನಾನು, ಪಂಚಶೀಲಾ ಮುಂದಿನ ಖೋಲಿಯಲ್ಲಿ ಒಂದೇ ಕೌದಿಯ ಮೇಲೆ. ಮೂರನೆಯದಾಗಿ ಸಜ್ಜಿ. ಸಜ್ಜೆ ರೊಟ್ಟಿಯ ಬಣ್ಣದ ಹೆಣ್ಣು ನಾಯಿ. ಕಾಲೇಜು ಬಿಟ್ಟಾಗಿನಿಂದ ನನಗೆ ನಿದ್ದೆ ಇಲ್ಲ. ಸಜ್ಜಿಯ ಬೆನ್ನು ನನ್ನ ಹೊಟ್ಟೆಗೆ ತಾಗಿದರೆ ಮಾತ್ರ ಒಂದಿಷ್ಟು ಹತ್ತುತ್ತದೆ.

ನಿನ್ನೆ ಪಂಚಶೀಲಾ ನನ್ನನ್ನು ಮೂರು ಸಲ ಒದ್ದಳು. ಸಜ್ಜಿಯನ್ನು ಒದೆಯಲು ಹೋದದ್ದು ನನಗೆ ಬಿತ್ತಂತೆ.

‘ಕೂದಲಾ ಬಾಯಾಗ ಬರ್ತಾವ. ನಾ ಮುಂಜಾನೆ ಅಂಗನವಾಡ್ಯಾಗ ಹುಡುಗರಿಗೆ ಉಣ್ಣಾಕ ಹಾಕ್ಬೇಕು, ನಾಯಿ ನಾತ ಹೊಡ್ಕೊಂಡು.’

‘ವಾರಕ್ಕೊಮ್ಮೆ ಬೇವಿನ ನೀರಾಗ ತೊಳೀತೀನಲ್ಲ.’

‘ನಿನ್ನ ಯಾರು ತೊಳೀತಾರ?’

15 ಡಿಸೆಂಬರ್, ಭಾನುವಾರ

ಪಂಚಶೀಲಾಳನ್ನು ನೋಡಲು ಯಾದಗಿರಿಯಿಂದ ಬಂದಿದ್ದರು. ಹುಡುಗ ಮರಿಲಿಂಗ, ಯಾವುದೋ ಆಫೀಸಿನಲ್ಲಿ ಕ್ಲರ್ಕು. ಅವನ ತಾಯಿ ಮಾಳಮ್ಮ, ಕಾಕಾ ಮಲ್ಕಪ್ಪ. ಮಾಳಮ್ಮ ಎಲ್ಲವನ್ನೂ ಕೇಳುವ ಹೆಂಗಸು. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಹುಡುಗಿಗೆ ಹಲ್ಲುನೋವು ಉಂಟೇ, ಎಲ್ಲ. ಕೊನೆಗೆ ಬಾಗಿಲಲ್ಲಿ ಮಲಗಿದ್ದ ಸಜ್ಜಿಯನ್ನು ನೋಡಿ,

‘ಈ ನಾಯಿ ರಾತ್ರಿ ಎಲ್ಲಿರ್ತದ?’

‘ಹೊರಗರಿ’ ಅಂದಳು ಅವ್ವ.

ನಾನು ಚಹಾ ಹಿಡಿದು ನಿಂತಿದ್ದೆ. ‘ಇಲ್ರಿ, ನನ್ನ ಮಗ್ಗಲಾಗ ಮಲಗ್ತದ’ ಅಂದೆ.

‘ನಿನ್ನ ಮಗ್ಗಲಾಗ?’

‘ಹೌದ್ರಿ. ಆ ಕಡಿ ಅಕ್ಕ, ನಡುವ ನಾ, ಈ ಕಡಿ ಸಜ್ಜಿ. ಮೊದಲ ಕಾಲ ಕಡಿ ಇರ್ತದ. ಚಳಿ ಹತ್ತಿದ್ರ ಮ್ಯಾಲ ಬರ್ತದ.’

ಮಾಳಮ್ಮ ಕಪ್ಪನ್ನು ಕೆಳಗಿಟ್ಟಳು. ‘ನಾವು ಮಡಿ ಮೈಲಿಗಿ ನಂಬೂ ಮಂದಿ ಅಲ್ಲವ್ವ. ಆದ್ರ ನಾಯಿ ಅಂದ್ರ ನಾಯಿ.’ ಆಮೇಲೆ ಅಪ್ಪನ ಕಡೆ ತಿರುಗಿ, ‘ಖಂಡಪ್ಪಣ್ಣ, ಹುಡುಗಿ ನಮಗ ಪಸಂದ್ ಅದಾಳ. ಆದ್ರ ಈ ನಾಯಿ ಇರೂ ತನಕ ನಾ ಈ ಮನ್ಯಾಗ ನೀರು ಸುದ್ದಾ ಕುಡಿಯಾಕಿ ಅಲ್ಲ. ಸಂಕ್ರಾಂತಿ ಒಳಗ ಎಲ್ಲೆರ ಬಿಟ್ಟ ಬರ್ರಿ.’

‘ಬಿಡ್ತೀನ್ರಿ ಅಕ್ಕಾರ. ಮಾತಂದ್ರ ಮಾತು.’

ಅವರು ಹೊರಡುವಾಗ ಮರಿಲಿಂಗ ತಾಯಿಯ ಕಣ್ಣು ತಪ್ಪಿಸಿ ಸಜ್ಜಿಯ ತಲೆ ಸವರಿದ. ಆಮೇಲೆ ಕರ್ಚೀಫಿನಿಂದ ಕೈ ಒರೆಸಿಕೊಂಡ.

ಪಂಚಶೀಲಾ ಸಂಜೆಯ ತನಕ ನನ್ನೊಂದಿಗೆ ಮಾತಾಡಲಿಲ್ಲ. ಆಮೇಲೆ ಹೇಳಿದಳು: ‘ಒಂದ ದಿನ ಬಾಯಿ ಮುಚ್ಚಿದ್ರ ನಿನ್ನ ನಾಲಿಗಿ ಉದುರಿ ಬೀಳ್ತಿತ್ತೇನ?’

‘ಕೇಳಿದ್ರು, ಹೇಳಿದೆ.’

30 ಡಿಸೆಂಬರ್, ಸೋಮವಾರ

ಗಾದಿ ಬಂತು. ಶಹಾಪುರದ ಜಹೀರುನ್ನೀಸಾ ಖಾಲಾ ಮಾಡಿಕೊಟ್ಟಳು.

ಹತ್ತಿ ಅವ್ವನದು. ಕೊನೆಯ ಬಿಡಿಸುವಿಕೆ ಮುಗಿದ ಮೇಲೆ ಗಿಡದಲ್ಲಿ ಅರೆಬರೆ ಉಳಿದ ಕಾಯಿಗಳನ್ನು ಆರಿಸಿಕೊಳ್ಳಲು ಹೊಲದವರು ಕೂಲಿಯವರಿಗೆ ಬಿಡುತ್ತಾರೆ. ಅವ್ವ ಮೂರು ವರ್ಷ ಹಾಗೆ ಆರಿಸಿದ್ದಾಳೆ. ಈ ವರ್ಷ ನಾನೂ ಹೋಗಿದ್ದೆ. ಒಣಗಿದ ಸಿಪ್ಪೆ ಉಗುರಿನ ಸಂದಿಗೆ ಚುಚ್ಚುತ್ತದೆ. ಒಂದು ದಿನವಿಡೀ ಆರಿಸಿದರೆ ಒಂದು ತಲೆದಿಂಬಿನಷ್ಟೂ ಆಗುವುದಿಲ್ಲ.

ಖಾಲಾಳ ಅಂಗಡಿಯಲ್ಲಿ ಪಿಂಜುವ ಯಂತ್ರ ಹತ್ತಿಯನ್ನು ನುಂಗಿ ಹೊಗೆಯ ಹಾಗೆ ಉಗುಳುತ್ತಿತ್ತು. ಅವಳ ರೆಪ್ಪೆಯ ಮೇಲೆಲ್ಲ ಹತ್ತಿ. ನೀಲಿ ಪಟ್ಟೆಯ ದಪ್ಪ ಬಟ್ಟೆಗೆ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ, ಗೇಣುದ್ದದ ಸೂಜಿಯಿಂದ ಟಾಕು ಹಾಕಿದಳು. ಆಮೇಲೆ ಅವ್ವನಿಗೆ ಹೇಳಿದಳು:

‘ದೇವಕಮ್ಮ, ಕೇಳು. ಮದುಮಗಳ ಗಾದಿ ಮ್ಯಾಲ ಆಕಿಕಿಂತ ಮೊದಲ ಯಾರೂ ಬೆನ್ನು ಹಚ್ಚಬಾರದು. ವಾರಕ್ಕೊಮ್ಮೆ ಬಿಸಿಲಿಗೆ ಹಾಕು. ನೀರು ಮಾತ್ರ ತಾಗಸಬ್ಯಾಡ. ನೀರು ಕುಡಿದ ಹತ್ತಿ ಗಡ್ಡಿ ಕಟ್ತದ, ಮತ್ತ ಪಿಂಜೂ ತನಕ ಸರಿ ಹೋಗೂದಿಲ್ಲ.’

ಹಿಂದಿನ ಖೋಲಿಯಲ್ಲಿ ಎರಡು ಟ್ರಂಕು ಜೋಡಿಸಿ, ಹಲಗೆ ಹಾಕಿ, ಗಾದಿಯನ್ನು ಹಾಸಿ, ಮೇಲೆ ಹಳೆ ಸೀರೆ ಹೊದಿಸಿ ಇಟ್ಟಿದ್ದೇವೆ. ಅವ್ವ ದಿನಕ್ಕೆ ನಾಲ್ಕು ಸಲ ಹೋಗಿ ಕೈಯಿಂದ ಒತ್ತಿ ಬರುತ್ತಾಳೆ. ಮದುವೆ ಫೆಬ್ರವರಿ 23ಕ್ಕೆ.

11 ಜನವರಿ 2025, ಶನಿವಾರ

ಸಜ್ಜಿ ಬಸುರಿ. ಹೊಟ್ಟೆ ಕೆಳಗೆ ಇಳಿದಿದೆ.

ಕೌದಿ ಕೆಡಬಾರದೆಂದು ನಾಲ್ಕು ಗೊಬ್ಬರದ ಚೀಲ ಬಿಚ್ಚಿ ತೊಳೆದು ಒಂದಕ್ಕೊಂದು ಹೊಲಿದು ಹಾಸು ಮಾಡಿದೆ. ಸಜ್ಜಿಯ ಕಡೆ ಅದನ್ನು ಹಾಸಿದರೆ ಕೂದಲು, ಮಣ್ಣು ಏನೂ ಕೌದಿಗೆ ಹತ್ತುವುದಿಲ್ಲ. ಬೆಳಿಗ್ಗೆ ಒಂದು ಸಲ ಝಾಡಿಸಿದರೆ ಮುಗಿಯಿತು. ನನಗೆ ಹೆಮ್ಮೆಯಾಗಿತ್ತು. ಆದರೆ ಅದು ಸದ್ದು ಮಾಡುತ್ತದೆ. ಸಜ್ಜಿ ಮಗ್ಗಲು ಬದಲಿಸಿದಾಗಲೆಲ್ಲ ಯಾರೋ ಹಪ್ಪಳ ಮುರಿದ ಹಾಗೆ. ಪಂಚಶೀಲಾ ಎದ್ದು ಕೂತು, ಸಜ್ಜಿಯ ಕೊರಳಪಟ್ಟಿ ಹಿಡಿದು ಹೊರಗೆ ಹಾಕಿ ಚಿಲಕ ಹಾಕಿಕೊಂಡಳು.

‘ಮದುವಿ ಹುಡುಗಿ ಕಣ್ಣ ಕೆಳಗ ಕಪ್ಪು ಬಂದಾವ ಅಂತ ಅಂಗನವಾಡಿ ಟೀಚರ ಕೇಳಾಕತ್ತಾರ. ನಾಯಿ ಸಲುವಾಗಿ ಅಂತ ಹೇಳ್ಲೇನು?’

‘ಹೇಳು. ಖರೆ ಅದು.’

ಅವಳು ಕೌದಿ ಮುಖದ ಮೇಲೆ ಎಳೆದುಕೊಂಡಳು.

13 ಜನವರಿ, ಸೋಮವಾರ

ಮಾಳಮ್ಮನ ಫೋನು ಬಂದಿತ್ತು. ಅಪ್ಪ ಕಟ್ಟೆಯ ಮೇಲೆ ಕೂತು ಹೇಳಿದ: ‘ಬಿಟ್ಟು ಬಂದೀನ್ರಿ ಅಕ್ಕಾರ. ನಿನ್ನೇನೇ. ದೂರ ಬಿಟ್ಟೀನಿ, ಬರೂ ಹಂಗಿಲ್ಲ.’

ಸಜ್ಜಿ ಅವನ ಚಪ್ಪಲಿಯ ಮೇಲೆ ಗದ್ದ ಇಟ್ಟು ಮಲಗಿತ್ತು. ರಾತ್ರಿ ಗೇಟು ತಿರುವಲು ಹೋಗುವಾಗ ಅದು ಅವನ ಮುಂದೆ ಹೋಗುತ್ತದೆ, ದಾರಿಯಲ್ಲಿ ಹಾವು ಇದ್ದರೆ ನಿಂತುಬಿಡುತ್ತದೆ. ಎರಡು ಸಲ ಹಾಗೆ ನಿಲ್ಲಿಸಿದೆ.

ನಾನು ನೋಡುತ್ತಿರುವುದನ್ನು ಅಪ್ಪ ನೋಡಿದ. ‘ಮೊದಲ ಮದುವಿ ಆಗಲಿ’ ಅಂದ.

ನನ್ನನ್ನು ಯಾರೂ ಕೇಳಲಿಲ್ಲ.

19 ಜನವರಿ, ಭಾನುವಾರ

ಇಲ್ಲಿ ಬರೆಯದಿದ್ದರೆ ಅದು ಸುಳ್ಳೇ ಆಗುತ್ತದೆ, ಅದಕ್ಕೆ ಬರೆಯುತ್ತೇನೆ. ಐದು ರಾತ್ರಿಯಿಂದ ನಾನು ಹಿಂದಿನ ಖೋಲಿಯಲ್ಲಿ ಗಾದಿಯ ಮೇಲೆ ಮಲಗುತ್ತಿದ್ದೇನೆ. ಸಜ್ಜಿಯ ಜೊತೆ.

ಮೊದಲ ದಿನ ಸುಮ್ಮನೆ ಕೂರಲು ಹೋಗಿದ್ದೆ. ಸಜ್ಜಿ ಹಿಂದಿನ ಬಾಗಿಲಲ್ಲಿ ಚಳಿಗೆ ಕುಂಯ್ ಅನ್ನುತ್ತಿತ್ತು. ಒಳಗೆ ಬಿಟ್ಟೆ. ಗೊಬ್ಬರದ ಚೀಲದ ಹಾಸನ್ನು ಗಾದಿಯ ಮೇಲೆ ಹಾಸಿ, ಅದರ ಮೇಲೆ ನಾವಿಬ್ಬರು. ಹತ್ತಿ ನನ್ನನ್ನು ಹಿಡಿದುಕೊಂಡಿತು. ಬೇರೆ ಹೇಗೆ ಬರೆಯುವುದು? ಕಣ್ಣು ಮುಚ್ಚಿದ್ದು ಗೊತ್ತು, ಅವ್ವ ಪಾತ್ರೆ ಇಡುವ ಸದ್ದಿಗೆ ಎದ್ದದ್ದು ಗೊತ್ತು. ನಡುವೆ ಏನೂ ಇಲ್ಲ. ನಾಲ್ಕು ತಿಂಗಳ ಮೇಲೆ ಅಂಥ ನಿದ್ದೆ.

ನಿನ್ನೆ ಬೆಳಿಗ್ಗೆ ಎದ್ದಾಗ ಮೈಮೇಲೆ ಕೌದಿ ಇತ್ತು. ನಾನು ಒಯ್ದಿರಲಿಲ್ಲ. ಅವ್ವನೇ ಇರಬೇಕು. ಅವಳು ಬೈಯಲಿಲ್ಲ, ನಾನೂ ಎತ್ತಲಿಲ್ಲ. ಕೇಳಿದರೆ ಹೇಳುತ್ತೇನೆ.

28 ಜನವರಿ, ಮಂಗಳವಾರ

ಸಜ್ಜಿ ಗಾದಿಯ ಮೇಲೆ ಮರಿ ಹಾಕಿತು.

ನಾನು ನಿದ್ದೆಯಲ್ಲಿದ್ದೆ. ಅದು ಗೂಡು ಮಾಡಲು ಕೆರೆದು ಕೆರೆದು ಚೀಲದ ಹಾಸನ್ನು ಒಂದು ಕಡೆ ಸರಿಸಿಬಿಟ್ಟಿತ್ತು. ಎದ್ದಾಗ ಕಾಲಿಗೆ ಒದ್ದೆ ತಾಗಿತು. ಮೂರು ಮರಿ, ಒಂದು ಸತ್ತಿತ್ತು. ಸಜ್ಜಿ ನನ್ನ ಮುಖ ನೋಡಿ ನನ್ನ ಕೈಯನ್ನೂ ನೆಕ್ಕಿತು, ಮರಿಯನ್ನು ನೆಕ್ಕಿದ ಹಾಗೆಯೇ.

ಕಲೆ ಊಟದ ತಾಟಿಗಿಂತ ದೊಡ್ಡದು. ನೀರು ತಾಗಿಸಬಾರದು. ಜೋಳದ ಹಿಟ್ಟು ಉದುರಿಸಿದೆ, ಹೀರಿದ ಮೇಲೆ ಕೆರೆದು ತೆಗೆದೆ. ಉಪ್ಪು ಹಾಕಿದೆ. ನಿಂಬೆಹಣ್ಣು ತಿಕ್ಕಿದೆ. ಕೆಂಪು ಹೋಗಿ ಬೀಡಿ ಎಲೆಯ ಬಣ್ಣ ಬಂತು. ಅದು ಹೋಗಲಿಲ್ಲ. ಗಾದಿ ತಿರುವಿ ಹಾಕಿದೆ.

ಮರಿಗಳನ್ನು ಹಿತ್ತಲಿನ ಕಟ್ಟಿಗೆ ಗೂಡಿಗೆ ಸಾಗಿಸಿದೆ. ಸತ್ತದ್ದನ್ನು ಕಾಲುವೆ ಏರಿಯ ಕೆಳಗೆ ಹೂತೆ.

‘ಎಲ್ಲಿ ಹಾಕ್ತು ಮರಿ?’ ಎಂದು ಅವ್ವ ಕೇಳಿದಳು.

‘ಒಳಗ’ ಅಂದೆ. ಅದು ಸುಳ್ಳಲ್ಲ.

9 ಫೆಬ್ರವರಿ, ಭಾನುವಾರ

ಗಾದಿ ಬಿಸಿಲಿಗೆ ಹಾಕುವ ಕೆಲಸ ನಾನೇ ವಹಿಸಿಕೊಂಡಿದ್ದೇನೆ. ಕಲೆ ಕೆಳಗೆ ಮಾಡಿ ಹಾಸುತ್ತೇನೆ, ಸಂಜೆ ಹಾಗೆಯೇ ಎತ್ತುತ್ತೇನೆ. ಅವ್ವ ಪಕ್ಕದ ಮನೆಯವಳಿಗೆ ಹೇಳುವುದು ಕೇಳಿಸಿತು: ‘ಕರೆಮ್ಮಗ ಈಗ ಬುದ್ಧಿ ಬಂದದ. ಅಕ್ಕನ ಗಾದಿ ಕೂಸಿನಂಗ ನೋಡ್ಕೊಳ್ಳಾಕತ್ತಾಳ.’

ಅವ್ವ ನನ್ನನ್ನು ಹಿಂದೆ ಯಾವಾಗ ಹೊಗಳಿದ್ದಳೋ ನೆನಪಿಲ್ಲ. ಪೂರ್ತಿ ನಿಂತು ಕೇಳಿದೆ.

ಮರಿಗಳು ಕಣ್ಣು ಬಿಡುತ್ತಿವೆ.

22 ಫೆಬ್ರವರಿ, ಶನಿವಾರ

ನಾಳೆ ಮದುವೆ, ಕ್ಯಾಂಪಿನ ಸಮುದಾಯ ಭವನದಲ್ಲಿ. ಆಮೇಲೆ ಐದು ದಿನ ಮದುಮಗಳ ಜೊತೆಗೆ ತಂಗಿ ಹೋಗಬೇಕು, ಅಂದರೆ ನಾನು. ಗಾದಿಯನ್ನು ಸುತ್ತಿ ಹಗ್ಗ ಕಟ್ಟಿದೆ. ಕಲೆ ಒಳಗೆ.

ಇವತ್ತು ಹೇಳಬೇಕೆಂದು ಎರಡು ಸಲ ಪಂಚಶೀಲಾಳ ಹತ್ತಿರ ಹೋದೆ. ಕೈಗೆ ಮೆಹಂದಿ ಹಾಕಿಸಿಕೊಂಡು ಎರಡೂ ಕೈ ಎತ್ತಿ ಕೂತಿದ್ದಳು. ‘ಕರೆಮ್ಮ, ಮೂಗು ತುರಿಸು’ ಅಂದಳು. ತುರಿಸಿ ಬಂದೆ.

25 ಫೆಬ್ರವರಿ, ಮಂಗಳವಾರ. ಯಾದಗಿರಿ

ಸ್ಟೇಷನ್ ಹಿಂದಿನ ಓಣಿ. ರೈಲು ಹೋದಾಗಲೆಲ್ಲ ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋ ನಡುಗುತ್ತದೆ.

ಬೆಳಿಗ್ಗೆ ಭಾಂಡೆ ಸಾಮಾನು ಬಿಚ್ಚಿದರು. ತವರಿನವರು ಕೊಟ್ಟದ್ದನ್ನು ಓಣಿಯ ಹೆಂಗಸರ ಮುಂದೆ ಒಂದೊಂದೇ ಇಟ್ಟು ತೋರಿಸುವುದು. ಕೊಡ, ತಾಟು, ಕುಕ್ಕರು. ಕೊನೆಗೆ ಗಾದಿ. ಮಾಳಮ್ಮನ ನಾದಿನಿ ಹಗ್ಗ ಬಿಚ್ಚಿ ಮಂಚದ ಮೇಲೆ ಉರುಳಿಸಿದಳು. ಕಲೆ ಮೇಲಾಗಿ ಬಿಚ್ಚಿಕೊಂಡಿತು.

ಆಮೇಲೆ ನಾದಿನಿ ಬಗ್ಗಿ ಮೂಸಿ ನೋಡಿದಳು.

‘ರಕ್ತ ಇದು. ಹಳೇದು.’

‘ಇಷ್ಟ ರಕ್ತ ಸುಮ್ ಸುಮ್ಕ ಬೀಳ್ತದೇನ?’ ಅಂದಳು ಇನ್ನೊಬ್ಬಳು.

ಎಲ್ಲರ ಕಣ್ಣೂ ಪಂಚಶೀಲಾಳ ಹೊಟ್ಟೆಯ ಮೇಲೆ ಹೋದವು. ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ, ನಗುತ್ತಲೇ ಇದ್ದಳು. ನನಗೆ ಅರ್ಥವಾಯಿತು.

‘ನಾಯಿದ್ರಿ ಅದು’ ಅಂದೆ. ‘ನಾನು ಯಾರಿಗೂ ಹೇಳದ ಗಾದಿ ಮ್ಯಾಲ ಮಲಗಿದ್ದೆ. ಸಜ್ಜಿ ಜೋಡಿ ಇತ್ತು. ಜನವರಿ ಇಪ್ಪತ್ತೆಂಟಕ್ಕ ಅದರ ಮ್ಯಾಲ ಮರಿ ಹಾಕ್ತು. ಅಕ್ಕಗ ಏನೂ ಗೊತ್ತಿಲ್ರಿ.’

‘ಯಾವ ನಾಯಿ?’ ಅಂದಳು ಮಾಳಮ್ಮ.

‘ನೀವು ನೋಡಿದ್ರಲ್ರಿ. ಬಾಗಿಲಾಗ ಇತ್ತಲ್ರಿ.’

‘ಅದನ್ನ ಸಂಕ್ರಾಂತಿ ಮೊದಲ ಬಿಟ್ಟ ಬಂದೀನಿ ಅಂದಾನ ನಿಮ್ಮಪ್ಪ.’

‘ಬಿಟ್ಟಿಲ್ರಿ. ಈಗೂ ಮನ್ಯಾಗ ಅದ.’

ಪಂಚಶೀಲಾಳ ನಗು ಹೋಗಿತ್ತು. ‘ನನ್ನ ತಂಗಿ ಸುಳ್ಳು ಹೇಳೂದಿಲ್ರಿ. ಆಕಿಗೆ ಬರೂದ ಇಲ್ಲ’ ಅಂದಳು.

ಮಾಳಮ್ಮ ಫೋನು ತೆಗೆದು ಅಪ್ಪನಿಗೆ ಹಚ್ಚಿದಳು. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಇಟ್ಟಳು. ನನ್ನ ಕಡೆ ಬೆರಳು ಮಾಡಿ, ಬಾಯಿ ತೆರೆಯಬೇಡ ಅಂದಳು. ನಾನು ತೆರೆಯಲಿಲ್ಲ. ಅಪ್ಪ ನಿಜ ಹೇಳುತ್ತಾನೆ ಅಂದುಕೊಂಡೆ.

‘ಖಂಡಪ್ಪಣ್ಣ, ಏನಿಲ್ಲ, ಹಂಗ ಕೇಳಿದೆ. ನಿಮ್ಮ ನಾಯಿ ಯಾವಾಗ ಬಿಟ್ಟಿದ್ರಿ?’

‘ಸಂಕ್ರಾಂತಿ ಮುಂಚೆನ ಬಿಟ್ಟೀನ್ರಿ ಅಕ್ಕಾರ. ಅವತ್ತ ಹೇಳಿದ್ನಲ್ರಿ. ಮಾತಂದ್ರ ಮಾತು.’

ಮಾಳಮ್ಮ ಫೋನು ಕಟ್ ಮಾಡಿದಳು.

26 ಫೆಬ್ರವರಿ, ಬುಧವಾರ. ಶಿವರಾತ್ರಿ

ಕಳಿಸಿಬಿಟ್ಟರು. ‘ವಿಚಾರ ಮಾಡಿ ಹೇಳ್ತೀವಿ’ ಅಂದ ಮಲ್ಕಪ್ಪ. ಮರಿಲಿಂಗ ಟೆಂಪೋ ತನಕ ಬಂದು ಮೊಬೈಲು ನೋಡುತ್ತ ನಿಂತಿದ್ದ. ಗಾದಿಯ ಮೇಲೆ ನಾವಿಬ್ಬರೂ ಕೂತು ಬಂದೆವು. ದಾರಿಯುದ್ದಕ್ಕೂ ಗುಡಿಗಳ ಮುಂದೆ ಜನ. ಪಂಚಶೀಲಾಳ ಕೈಯ ಮೆಹಂದಿ ಇನ್ನೂ ಕೆಂಪಗಿತ್ತು.

ಮರಿಗಳನ್ನು ತೋರಿಸಿದರೆ ಮುಗಿಯುತ್ತದೆ ಎಂದು ನಾನು ಹಿತ್ತಲಿಗೆ ಓಡಿದೆ. ಕಟ್ಟಿಗೆ ಗೂಡು ಖಾಲಿ.

‘ನಿನ್ನೆ ಫೋನ್ ಬಂದ ಮ್ಯಾಲ ಚೀಲದಾಗ ಹಾಕ್ಕೊಂಡು ಸುರಪುರ ದಾಟಿ ಬಿಟ್ಟ ಬಂದೆ’ ಅಂದ ಅಪ್ಪ. ‘ಅವ್ರು ಬಂದು ನೋಡಿದ್ರ? ಮಾತು ಕೊಟ್ಟಿದ್ದೆ.’

‘ಕೊಟ್ಟಾಗ ಸುಳ್ಳಿತ್ತಲ್ಲಪ.’

‘ಈಗ ಖರೆ ಆತಲ್ಲ.’

ಆಮೇಲೆ ಯಾದಗಿರಿಯಲ್ಲಿ ಆದದ್ದನ್ನು ಹೇಳಿದೆವು. ಅಪ್ಪ ಕಟ್ಟೆಯ ಮೇಲೆ ಕೂತವನು ಕತ್ತಲಾದರೂ ಗೇಟಿಗೆ ಹೋಗಲಿಲ್ಲ.

6 ಮಾರ್ಚ್, ಗುರುವಾರ

ಅಪ್ಪ ಮಾಳಮ್ಮನಿಗೆ ಫೋನು ಮಾಡಿ ನಿಜ ಹೇಳಿದ. ‘ಅವತ್ತ ಸುಳ್ಳು ಹೇಳಿದ್ರೋ, ಮಗಳ ಸಲುವಾಗಿ ಇವತ್ತ ಹೇಳಾಕತ್ತೀರೋ?’ ಎಂದು ಕೇಳಿದಳಂತೆ.

ನಾನು ಎರಡು ಸಲ ಸುರಪುರಕ್ಕೆ ಹೋಗಿ ಬಂದೆ. ಧಾಬಾ, ಪಂಪು, ಎಲ್ಲ ಕಡೆ ಕೇಳಿದೆ. ಸಜ್ಜಿ ಸಿಗಲಿಲ್ಲ. ಮೊದಲ ಸಲ ಸಾಕ್ಷಿಗೆಂದು ಹೋಗಿದ್ದೆ. ಎರಡನೆಯ ಸಲ ಯಾಕೆ ಹೋದೆನೋ.

ಪಂಚಶೀಲಾ ಅಂಗನವಾಡಿಗೆ ಹೋಗುತ್ತಿಲ್ಲ. ಕ್ಯಾಂಪಿನ ಹೆಂಗಸರು ನಲ್ಲಿಯ ಹತ್ತಿರ ಅವಳನ್ನು ನೋಡಿ ಮಾತು ನಿಲ್ಲಿಸುತ್ತಾರೆ. ಮತ್ತೆ ಒಂದೇ ಕೌದಿಯ ಮೇಲೆ ಮಲಗುತ್ತಿದ್ದೇವೆ. ನಡುವೆ ಬೇಕಾದಷ್ಟು ಜಾಗ. ಅವಳು ಒದೆಯುವುದಿಲ್ಲ.

ನಿನ್ನೆ ಅವಳೇ ಮಾತು ತೆಗೆದಳು. ‘ಅವತ್ತ ಹಿಂದಿನ ಖೋಲ್ಯಾಗ ಕೌದಿ ಹೊಚ್ಚಿದಾಕಿ ನಾನ.’

ನಾನು ಎದ್ದು ಕೂತೆ. ‘ನೋಡಿದ್ದೇನು? ಗಾದಿ ಮ್ಯಾಲ?’

‘ಬಾಯಿ ತಕ್ಕೊಂಡು ಮಲಗಿದ್ದಿ. ಜೊಲ್ಲು ಸೋರ್ತಿತ್ತು. ನಾಯಿ ನನ್ನ ನೋಡಿ ಬಾಲ ಬಡೀತು, ಆ ಹಾಸು ಪಟಪಟ ಅಂತು, ನೀ ಏಳ್ತಿ ಅಂತ ಅಂಜಿದೆ.’

‘ಮತ್ತ ಯಾಕ ಬೈಲಿಲ್ಲ?’

‘ನಾಕ ತಿಂಗಳಾದ ಮ್ಯಾಲ ಮಲಗಿದ್ದಿ. ಮಲಗಲಿ ಅಂದೆ.’

ಅವಳು ಆ ಕಡೆ ತಿರುಗಿಕೊಂಡಳು. ಈ ಪುಸ್ತಕದ ಹಿಂದಿನ ಪುಟಗಳಲ್ಲಿ ಅವಳ ಬಗ್ಗೆ ಬರೆದದ್ದನ್ನು ಓದಿ ನೋಡಿದೆ. ಅದೂ ನಿಜವೇ. ಹೊಡೆದು ಹಾಕಲಿಲ್ಲ.

16 ಮಾರ್ಚ್, ಭಾನುವಾರ

ಮಾಳಮ್ಮ, ಮಲ್ಕಪ್ಪ, ಮರಿಲಿಂಗ ಬಂದಿದ್ದರು. ಅವ್ವ ನೀರು ಕೊಟ್ಟಳು. ಮಾಳಮ್ಮ ತಂಬಿಗೆಯನ್ನು ಮುಟ್ಟಲಿಲ್ಲ.

ಮಲ್ಕಪ್ಪ ನಿಧಾನವಾಗಿ ಮಾತಾಡುವ ಮನುಷ್ಯ. ‘ನಾವು ಯಾರ ಮ್ಯಾಲೂ ಅಪವಾದ ಹೊರಸೂ ಮಂದಿ ಅಲ್ಲ. ಒಂದ ಕೆಲಸ ಮಾಡೂಣು. ಹುಡುಗಿನ್ನ ಡಾಕ್ಟರ ಹಂತ್ಯಾಕ ಕರ್ಕೊಂಡು ಹೋಗೂಣು. ನೋಡಿ ಚೀಟಿ ಬರದ ಕೊಡ್ಲಿ, ಮೊದಲ ಏನೂ ಆಗಿಲ್ಲ ಅಂತ. ಎಲ್ಲಾರ ಬಾಯಿ ಬಂದ್ ಆಗ್ತದ.’

ಅಪ್ಪ ನೆಲ ನೋಡಿದ. ಮರಿಲಿಂಗ, ‘ನನಗೇನೂ ಸಂಶಯ ಇಲ್ಲ. ಮನ್ಯಾಗಿನ ದೊಡ್ಡವ್ರು…’ ಎಂದು ಅರ್ಧಕ್ಕೆ ಬಿಟ್ಟ. ಬಾಗಿಲ ಹಿಂದೆ ನಿಂತಿದ್ದ ಪಂಚಶೀಲಾ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಹೋಗಲು ಒಪ್ಪುತ್ತಾಳೆ ಎಂದು ಅವಳ ಮುಖ ನೋಡಿಯೇ ನನಗೆ ತಿಳಿಯಿತು. ಅವಳು ಯಾವತ್ತೂ ಒಪ್ಪುತ್ತಾಳೆ.

ನಾನು ಒಳಗಿನಿಂದ ಬಂದು ಎಲ್ಲರ ನಡುವೆ ನಿಂತೆ. ‘ಅದು ನಂದ್ರಿ’ ಅಂದೆ.

‘ಏನು ನಿಂದು?’

‘ಆ ಕಲಿ. ಗಾದಿ ಮ್ಯಾಲ ಕದ್ದು ಮಲಗಿದ್ದೆ. ನಿದ್ದ್ಯಾಗ ತಿಂಗಳ ಮುಟ್ಟು ಆತು, ನನಗ ಯಾವಾಗೂ ಭಾಳ ಹೋಗ್ತದ. ಎದ್ದು ನೋಡಿದ್ರ ಹಂಗಾಗಿತ್ತು. ಬೂದಿ ಹಾಕಿ ತಿಕ್ಕಿದೆ, ಹೋಗ್ಲಿಲ್ಲ. ಅಕ್ಕಗ ಹೇಳಾಕ ಅಂಜಿಕಿ ಆತು. ನಿಮ್ಮ ಮನ್ಯಾಗ ಅಷ್ಟ ಮಂದಿ ಮುಂದ ನಾಚಿಕಿ ಆತು, ಅದಕ್ಕ ನಾಯಿ ಅಂದೆ. ಅಪ್ಪ ನಾಯಿನ್ನ ಸಂಕ್ರಾಂತಿ ಮೊದಲ ಬಿಟ್ಟಿದ್ದ. ಆಮ್ಯಾಲ ಫೋನ್ಯಾಗ ಹೇಳಿದ್ದು ನಾ ಹೇಳಿಸಿದ್ದು.’

ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿತು. ನಾನು ಹೆಚ್ಚು ಯೋಚಿಸಿರಲಿಲ್ಲ.

ಮಾಳಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಅವಳ ಮುಖ ಸಡಿಲವಾಯಿತು. ‘ಇದನ್ನ ಅವತ್ತೇ ಬೊಗಳಿದ್ರ ಇಷ್ಟೆಲ್ಲಾ ಆಗ್ತಿತ್ತೇನ?’

‘ಹುಡುಗಿ ಅಲ್ಲನು, ನಾಚ್ಕೊಂಡಾಳ’ ಅಂದ ಮಲ್ಕಪ್ಪ. ‘ನಾ ಅವತ್ತೇ ಹೇಳಿದ್ದೆ, ನಾಯಿ ಕತಿ ಖರೆ ಅಲ್ಲ ಅಂತ.’

ಅವ್ವ ಎದ್ದು ಬಂದು ನನ್ನ ಕೆನ್ನೆಗೆ ಹೊಡೆದಳು. ಜೋರಾಗಿಯೇ ಹೊಡೆದಳು. ಅವಳಿಗೆ ನಿಜ ಗೊತ್ತಿತ್ತು. ‘ಇಂಥಾಕಿನ್ನ ನಾಳೆ ಯಾರು ಮಾಡ್ಕೋತಾರ’ ಎಂದು ಮಾಳಮ್ಮ ಅವ್ವನಿಗೇ ಸಮಾಧಾನ ಹೇಳಿದಳು. ಪಂಚಶೀಲಾ ಬಾಗಿಲು ದಾಟಿ ಒಂದು ಹೆಜ್ಜೆ ಮುಂದೆ ಬಂದಳು, ಬಾಯಿ ತೆರೆದಳು. ನಾನು ಅವಳನ್ನು ನೋಡಿದೆ. ಮುಚ್ಚಿದಳು.

ಮಾಳಮ್ಮ ತಂಬಿಗೆ ಎತ್ತಿ ನೀರು ಕುಡಿದಳು. ಪೂರ್ತಿ ಕುಡಿದಳು.

17 ಮಾರ್ಚ್, ಸೋಮವಾರ

ಕರೆದುಕೊಂಡು ಹೋದರು. ಗಾದಿ ಬೇಡವಂತೆ, ಮರಿಲಿಂಗ ಯಾದಗಿರಿಯಲ್ಲಿ ಫೋಮಿನದು ತಂದಿದ್ದಾನಂತೆ. ಆಟೋ ಹತ್ತುವಾಗ ಪಂಚಶೀಲಾ ನನ್ನ ಊದಿದ ಕೆನ್ನೆಯ ಮೇಲೆ ಬೆರಳಿಟ್ಟಳು. ತಣ್ಣಗಿತ್ತು.

12 ಏಪ್ರಿಲ್, ಶನಿವಾರ

ಗಾದಿಯನ್ನು ಮತ್ತೆ ಪಿಂಜಿಸಲು ಅವ್ವನ ಜೊತೆ ಶಹಾಪುರಕ್ಕೆ ಹೋಗಿದ್ದೆ. ಮೂರು ವರ್ಷದ ಹತ್ತಿ, ಬಿಸಾಡಲಿಕ್ಕಾಗುವುದಿಲ್ಲ. ಇನ್ನು ಮೇಲೆ ಅದು ನಿನಗೇ ಇರಲಿ ಎಂದಿದ್ದಾಳೆ ಅವ್ವ. ಬೇರೆ ಯಾರೂ ಅದರ ಮೇಲೆ ಮಲಗುವುದಿಲ್ಲವಲ್ಲ.

ಜಹೀರುನ್ನೀಸಾ ಖಾಲಾ ಟಾಕು ಬಿಚ್ಚಿ, ಬಟ್ಟೆ ಸುಲಿದು, ಗಡ್ಡೆ ಕಟ್ಟಿದ ಹತ್ತಿಯನ್ನು ಕೈಯಿಂದ ಹರಿದು ಬೆಳಕಿಗೆ ಹಿಡಿದಳು. ಎರಡು ಬೆರಳಿನಿಂದ ಏನನ್ನೋ ಎಳೆದಳು. ಮತ್ತೊಂದು ಎಳೆದಳು. ಅಂಗೈ ಮೇಲೆ ಇಟ್ಟು ತೋರಿಸಿದಳು. ಸಜ್ಜೆ ರೊಟ್ಟಿಯ ಬಣ್ಣದ ಗಿಡ್ಡ ಕೂದಲು. ಕಲೆಯ ಜಾಗದಲ್ಲಿ ಬಟ್ಟೆಯ ಎಳೆಗಳ ಸಂದಿಯಿಂದ ಒಳಗೆ ಇಳಿದು ಹತ್ತಿಗೆ ಅಂಟಿಕೊಂಡಿದ್ದವು.

‘ನಾಯಿ ಕೂದಲಾ ಇವು. ನಾಯಿ ಮಲಗಿತ್ತೇನ ಬೇಟಿ, ಇದರ ಮ್ಯಾಲ? ಮರಿಗಿರಿ ಹಾಕಿತ್ತೇನ?’

ಅಂಗಡಿಯಲ್ಲಿ ಬೇರೆ ಇಬ್ಬರು ಹೆಂಗಸರು ಕೂತಿದ್ದರು. ಅವ್ವ ಬಾಗಿಲ ಕಡೆ ನೋಡುತ್ತಿದ್ದಳು.

‘ಇಲ್ಲ ಖಾಲಾ’ ಅಂದೆ. ‘ಹೊಲದಾಗ ಆರಿಸಿದ ಹತ್ತಿ. ಏನೇನೋ ಬಂದಿರ್ತದ.’

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಂಗೈಯನ್ನು ಊದಿ ಯಂತ್ರ ಹಚ್ಚಿದಳು. ಹತ್ತಿ ಮತ್ತೆ ಹೊಗೆಯ ಹಾಗೆ ಬಂತು. ಕಸವೆಲ್ಲ ಕೆಳಗೆ ಉದುರಿತು. ಹೊಸ ಬಟ್ಟೆಗೆ ದುಡ್ಡು ಇರಲಿಲ್ಲ, ಹಳೆಯದನ್ನೇ ಕಲೆ ಒಳಗೆ ಮಾಡಿ ಹೊಲಿದುಕೊಟ್ಟಳು.

ಮುಂದಿನ ಖೋಲಿಯಲ್ಲಿ ಹಾಸಿದ್ದೇನೆ. ಗೋಡೆಯಿಂದ ಗೋಡೆಗೆ ನಾನೊಬ್ಬಳೇ. ಗೊಬ್ಬರದ ಚೀಲದ ಹಾಸು ಹಿತ್ತಲಲ್ಲಿ ಬಿದ್ದಿತ್ತು, ತೊಳೆದು ಮೇಲೆ ಹಾಸಿದೆ. ಗಾದಿ ಕೆಡಬಾರದು.

ಸಂಜೆ ಪಂಚಶೀಲಾಳ ಫೋನು ಬಂದಿತ್ತು. ಚೆನ್ನಾಗಿದ್ದಾಳಂತೆ. ಅತ್ತೆ ಪಕ್ಕದಲ್ಲೇ ಇದ್ದಿರಬೇಕು, ಮೆಲ್ಲಗೆ ಮಾತಾಡುತ್ತಿದ್ದಳು.

‘ನಿದ್ದಿ ಬರ್ತದೇನ ನಿನಗ?’ ಎಂದು ಕೇಳಿದಳು.

‘ಬರ್ತದ’ ಅಂದೆ.

ಹಾಸು ಇನ್ನೂ ಸದ್ದು ಮಾಡುತ್ತದೆ. ಪ್ರತಿ ಸಲ ಕೈ ಚಾಚಿ ನೋಡುತ್ತೇನೆ. ಮಗ್ಗಲು ಬದಲಿಸಿದವಳು ನಾನೇ.